ನೆಟ್ಟಗಿದ್ದ ಗೋಡೆಯನ್ನು ನಾನು ವಾಲಿಸಿದ್ದು

ಕೊಳ್ಳೇಗಾಲದ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ನನ್ನ ಸ್ಟುಡಿಯೋ ಸಿಗುತ್ತದೆ. ಪಾಸ್‌ಪೋರ್ಟ್ ಅಳತೆಯ ಫೋಟೋ, ಮದುವೆ, ಸೀಮಂತ, ನಾಮಕರಣ, ಇವೇ ನನಗೆ ಅನ್ನ ಹಾಕುವುದು. ಕಟ್ಟಡಗಳ ಫೋಟೋ ತೆಗೆಯುವುದನ್ನು ಕಲಿತದ್ದು ತಡವಾಗಿ, ಅದೂ ಆಕಸ್ಮಿಕವಾಗಿ. ಮೈಸೂರಿನ ಆರ್ಕಿಟೆಕ್ಟ್ ಒಬ್ಬರು ಯಳಂದೂರಿನ ಹಳೆಯ ಕಲ್ಲುಮಂಟಪದ ಚಿತ್ರ ತೆಗೆಯಲು ಬಂದಿದ್ದಾಗ, ಈ ಕಡೆಯವರು ಯಾರಾದರೂ ಜೊತೆಗಿರಲಿ ಎಂದು ನನ್ನನ್ನು ಕರೆದರು. ಆಕೆ ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ. ಮೂರು ದಿನ ಅವರ ಟ್ರೈಪಾಡ್ ಹೊತ್ತು ತಿರುಗಿದೆ.

ಅವರ ಕ್ಯಾಮೆರಾ ನನ್ನದಕ್ಕಿಂತ ಎರಡು ಪಟ್ಟು ಭಾರ. ಮೀಡಿಯಂ ಫಾರ್ಮ್ಯಾಟ್ ಎನ್ನುತ್ತಾರೆ. ಒಳಗಿನ ಸೆನ್ಸರ್ ದೊಡ್ಡದಾದ್ದರಿಂದ ಕಲ್ಲಿನ ಮೇಲಿನ ಉಳಿಯ ಗುರುತೂ ತಪ್ಪದೆ ಸಿಗುತ್ತದೆ. ಅದಕ್ಕೆ ಅವರು ಹಾಕಿದ್ದು ಟಿಲ್ಟ್-ಶಿಫ್ಟ್ ಲೆನ್ಸ್. ನಾವು ಎತ್ತರದ ಕಟ್ಟಡದ ಮುಂದೆ ನಿಂತು ಕ್ಯಾಮೆರಾದ ಮೂತಿ ಮೇಲೆತ್ತಿದರೆ, ಗೋಡೆಗಳು ಮೇಲೆ ಹೋದಂತೆ ಒಂದರ ಕಡೆಗೊಂದು ಬಾಗಿ, ಕಟ್ಟಡವೇ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಈ ಲೆನ್ಸ್ ಇದ್ದರೆ ಮೂತಿ ಎತ್ತುವ ಅಗತ್ಯವಿಲ್ಲ. ಕ್ಯಾಮೆರಾ ನೆಲಕ್ಕೆ ಸಮವಾಗಿ ನಿಂತಿರುತ್ತದೆ, ತಿರುಪು ತಿರುಗಿಸಿದರೆ ಲೆನ್ಸ್ ಮಾತ್ರ ಜಾರಿಕೊಂಡು ಮೇಲೇರುತ್ತದೆ. ತಲೆ ಅಲುಗಿಸದೆ ಕಣ್ಣಷ್ಟೇ ಮೇಲೆ ಮಾಡಿ ನೋಡಿದ ಹಾಗೆ. ಕಂಬಗಳು ಕಂಬಗಳಂತೆಯೇ ನಿಲ್ಲುತ್ತವೆ. ಇಷ್ಟನ್ನೂ ನಾನು ಕಣ್ಣಾರೆ ಕಂಡಿದ್ದೆ. ಗೊತ್ತಿಲ್ಲದೆ ತಪ್ಪು ಮಾಡಿದೆ ಎನ್ನುವ ಹಾಗಿಲ್ಲ ಎಂಬುದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ.

ಮುಂದಿನ ವರ್ಷ ಹನೂರು ತಾಲ್ಲೂಕಿನ ಶಾಗ್ಯದಿಂದ ಒಂದು ಕೆಲಸ ಬಂತು. ಅಲ್ಲಿನ ನಿವೃತ್ತ ಪೋಸ್ಟ್ ಮಾಸ್ಟರ್ ತಮ್ಮ ಜಾಗ ಬಿಟ್ಟುಕೊಟ್ಟು, ಊರವರನ್ನು ಒಟ್ಟುಗೂಡಿಸಿ, ಒಂದು ಪುಸ್ತಕದ ಮನೆ ಕಟ್ಟಿಸಿದ್ದರು. ಎರಡು ಅಂತಸ್ತು, ಗಾರೆ ಬಳಿಯದೆ ಇಟ್ಟಿಗೆಯನ್ನು ಹಾಗೆಯೇ ಕಾಣಬಿಟ್ಟ ಮುಂಗೋಡೆ. ಎದುರಿಗೆ ಎತ್ತಿನಗಾಡಿ ಹೋಗುವಷ್ಟೇ ಅಗಲದ ಬೀದಿ. ಅವತ್ತೇ ಮಧ್ಯಾಹ್ನ ನನಗೆ ಹನೂರಿನಲ್ಲಿ ಒಂದು ಸೀಮಂತ ಇತ್ತು. ನನ್ನ ಮಾಮೂಲಿ ಕ್ಯಾಮೆರಾಕ್ಕೆ ಅಗಲದ ಲೆನ್ಸ್ ಹಾಕಿ, ಗೋಡೆಯ ಬುಡದಲ್ಲಿ ಮಂಡಿಯೂರಿ, ಮೂತಿ ಮೇಲೆತ್ತಿ ಹತ್ತು ನಿಮಿಷದಲ್ಲಿ ಮುಗಿಸಿದೆ. ಫೋಟೋದಲ್ಲಿ ಗೋಡೆ ಗೋಪುರದಂತೆ ಆಕಾಶಕ್ಕೆ ಚೂಪಾಗಿತ್ತು. ಭವ್ಯವಾಗಿದೆ ಅನ್ನಿಸಿತು. ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಬಹುದಿತ್ತು, ಮಾಡಲಿಲ್ಲ. ಪೋಸ್ಟ್ ಮಾಸ್ಟರ್ ಅದನ್ನೇ ದೊಡ್ಡ ಫ್ಲೆಕ್ಸ್ ಮಾಡಿಸಿ ಊರ ಬಾಗಿಲಲ್ಲಿ ಕಟ್ಟಿಸಿದರು. ವಾಟ್ಸಾಪಿನಲ್ಲಿ ಅದು ರಾಮಾಪುರದ ತನಕ ಹೋಯಿತು.

ಒಂದು ತಿಂಗಳಾಗಿರಬಹುದು. ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆಯುವಷ್ಟರಲ್ಲಿ ಒಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಐವತ್ತೈದರ ಆಸುಪಾಸು, ಒಗೆದ ಬಿಳಿ ಶರ್ಟು, ತೊಡೆಯ ಮೇಲೆ ಬಟ್ಟೆಯ ಚೀಲ. ಬೆರಳ ಸಂದುಗಳಲ್ಲಿ ಸಿಮೆಂಟಿನ ಬಿರುಕು. ಮೊಬೈಲ್ ತೆಗೆದು ನನ್ನದೇ ಫೋಟೋ ತೋರಿಸಿದರು.

"ಇದ ತಗ್ದವ್ರು ನೀವೇನವ್ವಾ?"

"ಹೌದಣ್ಣ."

"ನಾನು ಆ ಗೋಡೆ ಕಟ್ಟುದವನು."

ಹೊಗಳಲು ಬಂದಿದ್ದಾರೆ ಅಂದುಕೊಂಡು ಕುರ್ಚಿ ಎಳೆದು ಕೊಟ್ಟೆ. ಅವರು ಕೂರಲಿಲ್ಲ.

"ಊರಲ್ಲಿ ಎಲ್ಲಾರೂ ಗೋಡೆ ವಾಲ್ಕಂಡದೆ ಅಂತಾವ್ರೆ ಕಣವ್ವ. ಬಂದು ಗೋಡೆ ನೋಡಿ ಅಂದ್ರೆ ಯಾರೂ ಗೋಡೆ ನೋಡದಿಲ್ಲ, ಫೋಟೋ ನೋಡ್ತರೆ. ರಾಮಾಪುರದಲ್ಲಿ ಒಂದು ಮನೆ ಒಪ್ಕಂಡಿದ್ದೆ. ಪಾಯ ತೆಗ್ಯದು ಒಂದೇ ಬಾಕಿ. ಆ ಮನೆಯವ್ರು ಇದ ನೋಡ್ಬುಟ್ಟು, ಬ್ಯಾಡ ಅಂದ್ಬುಟ್ರು."

ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಚೀಲದಿಂದ ದಾರ ಸುತ್ತಿದ ಹಿತ್ತಾಳೆಯ ತೂಕದ ಗುಂಡು ತೆಗೆದರು. ಗಾರೆ ಕೆಲಸದವರು ಗೋಡೆಯ ನೇರ ನೋಡಲು ಇಳಿಬಿಡುತ್ತಾರಲ್ಲ, ಅದು. ಸ್ಟುಡಿಯೋ ಗೋಡೆಗೆ ನಾನು ತೂಗುಹಾಕಿದ್ದ ಅದೇ ಫೋಟೋದ ದೊಡ್ಡ ಪ್ರತಿಯ ಮೇಲೆ ದಾರ ಇಳಿಬಿಟ್ಟರು. ದಾರ ನೆಟ್ಟಗೆ ಇಳಿಯಿತು. ಚಿತ್ರದ ಗೋಡೆ ಅದರಿಂದ ದೂರ ಸರಿಯುತ್ತಾ ಮೇಲೆ ಹೋಗಿತ್ತು.

"ಮೂವತ್ತು ವರ್ಸದಿಂದ ಕಟ್ತಾ ಇವ್ನಿ. ಇಂಗೆ ಯಾವತ್ತೂ ಕಟ್ಟಿಲ್ಲ," ಎಂದರು.

ಗೋಡೆ ವಾಲಿಲ್ಲ, ವಾಲಿಸಿದವಳು ನಾನು ಎಂದು ಹೇಳಿ, ಕ್ಯಾಮೆರಾದ ಮೂತಿ ಎತ್ತಿದರೆ ಏನಾಗುತ್ತದೆ ಎನ್ನುವುದನ್ನು ವಿವರಿಸಿದೆ. ಕಂಪ್ಯೂಟರಿನ ಮುಂದೆ ಕೂರಿಸಿ, ಅವರ ಕಣ್ಣೆದುರಿಗೇ ಚಿತ್ರವನ್ನು ಎಳೆದು ಸರಿ ಮಾಡಿದೆ. ಗೋಡೆ ನೆಟ್ಟಗಾಯಿತು. ಇದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿ ಕೊಡುತ್ತೇನೆ, ಊರವರಿಗೆ ತೋರಿಸಿ ಅಂದೆ. ಅವರು ಪರದೆಯನ್ನು ಬಹಳ ಹೊತ್ತು ನೋಡಿದರು.

"ಇದು ಬ್ಯಾಡ ಕಣವ್ವ. ಮಿಷಿನ್ನಲ್ಲಿ ನೀವು ನೆಟ್ಟಗೆ ಮಾಡುದ್ರೆ, ನಾನು ನೆಟ್ಟಗೆ ಕಟ್ಟಿವ್ನಿ ಅಂತ ಎಂಗೆ ಗೊತ್ತಾಯ್ತದೆ?"

ಅವರು ಚಹಾ ಕುಡಿದು ಹನೂರಿನ ಬಸ್ಸಿಗೆ ಹೋದ ಮೇಲೆ ಮೈಸೂರಿನ ಆರ್ಕಿಟೆಕ್ಟ್‌ಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಭಾನುವಾರ ಬಂದು ಕ್ಯಾಮೆರಾ, ಲೆನ್ಸ್ ಎರಡೂ ತಗೊಂಡು ಹೋಗಿ. ಗೋಡೆ ಪಕ್ಕ ದಾರ ಇಳಿಬಿಟ್ಟು, ಗಾಳಿ ಇಲ್ಲದಾಗ ತೆಗೀರಿ," ಎಂದಷ್ಟೇ ಹೇಳಿ ಇಟ್ಟರು.

ಶಾಗ್ಯಕ್ಕೆ ಹೋದಾಗ ಬೆಳಗಿನ ಏಳು ಗಂಟೆ. ಗೋಡೆ ಪೂರ್ವಕ್ಕೆ ಮುಖ ಮಾಡಿದ್ದರಿಂದ ಎಳೆ ಬಿಸಿಲು ಇಟ್ಟಿಗೆಯ ಮೇಲೆ ಸಮವಾಗಿ ಬಿದ್ದಿತ್ತು. ನಾನು ಫೋನಿನಲ್ಲಿ ಹೇಳಿದ್ದ ಹಾಗೆ ಮೇಸ್ತ್ರಿ ನನಗಿಂತ ಮೊದಲೇ ಬಂದು ಮಹಡಿಯ ಮೇಲಿಂದ ಎರಡು ಬಿದಿರು ಚಾಚಿ, ಗೋಡೆಯ ಎರಡೂ ಅಂಚಿನ ಪಕ್ಕದಲ್ಲಿ ಒಂದೊಂದು ದಾರ ಇಳಿಬಿಟ್ಟಿದ್ದರು. ಅಲುಗದಿರಲಿ ಎಂದು ಗುಂಡುಗಳನ್ನು ನೀರು ತುಂಬಿದ ಎರಡು ಬಕೆಟ್ಟುಗಳಲ್ಲಿ ಮುಳುಗಿಸಿದ್ದರು. ಅವರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಬಕೆಟ್ಟಿನ ಹತ್ತಿರ ನಿಂತಿದ್ದರು. ಇಬ್ಬರೂ ಜೊತೆಯಲ್ಲೇ ಕೆಲಸ ಮಾಡುವವರು. ಗಂಡ ಕರಣೆ ಹಿಡಿದರೆ ಹೆಂಡತಿ ಗಾರೆಯ ಬಾಂಡ್ಲಿ ಹೊರುತ್ತಿದ್ದರು.

ನಾನು ಟ್ರೈಪಾಡಿನ ಮೇಲೆ ಕ್ಯಾಮೆರಾ ಕೂರಿಸಿ, ಅದರಲ್ಲೇ ಇರುವ ಮಟ್ಟದ ಗುರುತು ನೋಡಿ ಸರಿಮಾಡಿದೆ. ಮೇಸ್ತ್ರಿಗೆ ಅದು ಸಾಲಲಿಲ್ಲ. ತಮ್ಮ ರಸಮಟ್ಟವನ್ನು ತಂದು ಕ್ಯಾಮೆರಾದ ನೆತ್ತಿಯ ಮೇಲಿಟ್ಟು, ಕೊಳವೆಯೊಳಗಿನ ಗುಳ್ಳೆ ಎಲ್ಲಿ ನಿಲ್ಲುತ್ತದೆ ಎಂದು ಬಗ್ಗಿ ನೋಡಿದರು.

"ವಸಿ ಎಡಕ್ಕೆ. ಅಷ್ಟೇ, ಬುಡಿ."

ಅಷ್ಟರಲ್ಲಿ ಪೋಸ್ಟ್ ಮಾಸ್ಟರ್ ಬಂದರು. ಹಾಲು ಹಾಕಿ ಬರುತ್ತಿದ್ದ ಹತ್ತು ಹನ್ನೆರಡು ಜನ ನಿಂತರು. ರಾಮಾಪುರದ ಆ ಮನೆಯ ಯಜಮಾನನನ್ನೂ ಪೋಸ್ಟ್ ಮಾಸ್ಟರೇ ಹೇಳಿಕಳಿಸಿ ಕರೆಸಿದ್ದರು. ಬೈಕಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ ಆತ ನೋಡುತ್ತಿದ್ದರು.

ತಿರುಪು ತಿರುಗಿಸಿ ಲೆನ್ಸ್ ಮೇಲೇರಿಸಿದೆ. ಒಂದು ತೊಡಕಾಯಿತು. ಆ ಲೆನ್ಸ್ ಸಣ್ಣ ಕ್ಯಾಮೆರಾಕ್ಕೆಂದು ಮಾಡಿದ್ದು, ಉಂಗುರ ಜೋಡಿಸಿ ದೊಡ್ಡದಕ್ಕೆ ಹಾಕಿದ್ದೆವು. ಪೂರ್ತಿ ಮೇಲೆತ್ತಿದರೆ ಚಿತ್ರದ ಮೇಲಿನ ಮೂಲೆಗಳು ಕಪ್ಪಾಗುತ್ತಿದ್ದವು. ಅರ್ಧಕ್ಕೆ ನಿಲ್ಲಿಸಿದರೆ ಗೋಡೆಯ ತಲೆ ಸಿಗುತ್ತಿರಲಿಲ್ಲ. ಇನ್ನೂ ಹಿಂದಕ್ಕೆ ಹೋಗಬೇಕು, ಹಿಂದೆ ಜಾಗವಿಲ್ಲ. ನನ್ನ ಬೆನ್ನಿಗೇ ಒಂದು ಕೊಟ್ಟಿಗೆ. ಅದರ ಒಡತಿ, ವಯಸ್ಸಾದ ಹೆಂಗಸು, ನನ್ನ ಪೇಚಾಟವನ್ನು ನೋಡಿ ಕೇಳಿದರು.

"ಒಳಕ್ಕೆ ಬತ್ತೀರೇನವ್ವ?"

"ಎಮ್ಮೆ ಇದೆಯಲ್ಲಮ್ಮ."

"ಅದ ಆಚ್ಗೆ ಕಟ್ತೀನಿ. ಈ ಗೋಡೆ ಇಸ್ಯ ಮುಗುದ್ರೆ ಸಾಕು. ದಿನಾ ಇಲ್ಲೇ ನಿಂತ್ಕಂಡು ನ್ಯಾಯ ಮಾಡ್ತರೆ."

ಎಮ್ಮೆ ಹೊರಗೆ ಬಂತು, ನಾನು ಒಳಗೆ ಹೋದೆ. ಮೇಸ್ತ್ರಿ ಟ್ರೈಪಾಡಿನ ಕಾಲಡಿಗೆ ಚಪ್ಪಡಿ ಚೂರುಗಳನ್ನಿಟ್ಟು ಮತ್ತೆ ರಸಮಟ್ಟ ಇಟ್ಟರು. ಗಂಜಲದ ವಾಸನೆಯ ನಡುವೆ ನಿಂತು ತಿರುಪು ತಿರುಗಿಸಿದಾಗ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಗೋಡೆ ಬುಡದಿಂದ ತಲೆಯವರೆಗೆ ನಿಧಾನವಾಗಿ ತುಂಬಿಕೊಂಡಿತು, ಎಲ್ಲೂ ಬಾಗದೆ. ಒಂದೊಂದು ಇಟ್ಟಿಗೆಯನ್ನೂ ಎಣಿಸಬಹುದಿತ್ತು. ಮೂರು ಸಲ ತೆಗೆದೆ. ಚಿತ್ರವನ್ನು ದೊಡ್ಡದು ಮಾಡಿ ಎಡ ಅಂಚನ್ನು ನೋಡಿದೆ. ದಾರಕ್ಕೂ ಗೋಡೆಗೂ ನಡುವಿನ ಸಂದು ಕೆಳಗಿನಿಂದ ಮೇಲಿನವರೆಗೂ ಒಂದೇ ಸಮ. ಸಮಾಧಾನವಾಯಿತು.

ಆಮೇಲೆ ಬಲ ಅಂಚನ್ನು ನೋಡಿದೆ. ಕೆಳಗಿನಿಂದ ಬಂದ ಸಂದು ಮೇಲಿನ ಮೂರು ವರಸೆ, ಅಂದರೆ ಮೂರು ಸಾಲು, ಇಟ್ಟಿಗೆಯ ಹತ್ತಿರ ಸ್ವಲ್ಪ ಅಗಲವಾಗಿತ್ತು. ಬರಿಗಣ್ಣಿಗೆ ಯಾರಿಗೂ ಕಾಣುವಂಥದ್ದಲ್ಲ. ಎಡ ಅಂಚನ್ನು ಮಾತ್ರ ತೋರಿಸಿ ಮುಗಿಸಿಬಿಡಲೇ ಅನ್ನಿಸಿತು. ಒಮ್ಮೆ ಅವರಿಗೆ ಅನ್ಯಾಯ ಮಾಡಿದ್ದೆ, ಈಗ ಇದನ್ನು ತೋರಿಸಿ ಇನ್ನೊಂದು ಬಗೆಯಲ್ಲಿ ಮಾಡಲು ಮನಸ್ಸು ಬರಲಿಲ್ಲ. ನಾನು ಇನ್ನೂ ಲೆಕ್ಕ ಹಾಕುತ್ತಿರುವಾಗಲೇ ಮೇಸ್ತ್ರಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಮ್ಯಾಲಿನ ಮೂರು ವರಸೆ ಒಳಕ್ಕೆ ಓಗ್ಬುಟ್ಟದೆ. ಅದು ನಂದೇ ತಪ್ಪು."

ಬಕೆಟ್ಟಿನ ಹತ್ತಿರದಿಂದ ಹೆಂಡತಿಯ ದನಿ ಬಂತು.

"ನಾನು ಅವತ್ತೇ ಏಳುದ್ನಲ್ಲ. ದಾರ ಬುಟ್ಟು ನೋಡು ಅಂದ್ರೆ, ಮಳೆ ಬತ್ತದೆ, ನೀನು ಸುಮ್ಕೆ ಸಿಮೆಂಟು ಕೊಡು ಅಂದ."

ಜನ ನಕ್ಕರು. ಮೇಸ್ತ್ರಿಯೂ ತಲೆ ತಗ್ಗಿಸಿಕೊಂಡು ನಕ್ಕರು. ಪೋಸ್ಟ್ ಮಾಸ್ಟರ್ ಕನ್ನಡಕ ಏರಿಸಿಕೊಂಡು ಪರದೆಯನ್ನು ನೋಡಿ, "ಇದು ಕಾಣೋದೇ ಇಲ್ಲವಲ್ಲಯ್ಯ, ಇರಲಿ ಬಿಡು," ಎಂದರು.

"ಇಲ್ಲ ಸಾ, ಬಿಚ್ಚಿ ಕಟ್ತೀನಿ. ನಂಗೆ ಕಂಡ್‌ಮ್ಯಾಲೆ ಆಯ್ತಲ್ಲ."

ಬೈಕಿನ ಮೇಲಿದ್ದ ಆತ ಆಗ ಇಳಿದು ಬಂದರು. ಪರದೆಯನ್ನು ನೋಡಲಿಲ್ಲ. ಗೋಡೆಯ ಹತ್ತಿರ ಹೋಗಿ, ದಾರದ ಪಕ್ಕ ನಿಂತು, ಕತ್ತೆತ್ತಿ ನೋಡಿ, ಇಟ್ಟಿಗೆಯ ಮೇಲೆ ಅಂಗೈ ಇಟ್ಟರು. ಮೇಸ್ತ್ರಿಯ ಕಡೆ ತಿರುಗಿ ಹೇಳಿದರು:

"ನಮ್ಮನೆ ಪಾಯ ಬ್ಯಾರೆಯವ್ರು ತೆಗ್ದಾಯ್ತು ಕಣಣ್ಣ. ಅವ್ರಿಗೆ ಮಾತು ಕೊಟ್ಬುಟ್ಟಿವ್ನಿ. ನಾನು ಬಂದು ನೋಡ್ದೆ ಮಾತಾಡ್ಬಾರ್ದಾಗಿತ್ತು."

ಹೋದ ಮನೆ ವಾಪಸ್ಸು ಬರಲಿಲ್ಲ. ಆದರೆ ಎಮ್ಮೆ ಕಟ್ಟಿದ್ದ ಅಜ್ಜಿ ಅವತ್ತೇ ಮೇಸ್ತ್ರಿಗೆ ತಮ್ಮ ಕೊಟ್ಟಿಗೆಯ ಹಿಂಗೋಡೆಯನ್ನು ತೋರಿಸಿ, ಇದನ್ನು ಯಾವಾಗ ಕಟ್ಟಿಕೊಡುತ್ತೀಯ ಎಂದು ಕೇಳಿದರು. ಅಲ್ಲಿಂದ ಶುರುವಾಗಿ, ಮಳೆಗಾಲ ಬರುವುದರೊಳಗೆ ಹನೂರಿನ ಕಡೆ ಎರಡು ಮನೆಗಳ ಕೆಲಸ ಸಿಕ್ಕಿತು ಎಂದು ಆಮೇಲೆ ತಿಳಿಯಿತು.

ಜನ ಚದುರಿದ ಮೇಲೆ ನಾನು ಮೇಸ್ತ್ರಿಗೆ ಕ್ಷಮೆ ಕೇಳಿದೆ. ಫೋನಿನಲ್ಲಲ್ಲ, ಮನಸ್ಸಿನಲ್ಲಲ್ಲ, ಎದುರಿಗೆ. ಅವರು ದಾರ ಸುತ್ತುತ್ತಾ, "ನೀವು ಅರ್ಜೆಂಟಲ್ಲಿ ತಗ್ದ್ರಿ, ನಾನು ಅರ್ಜೆಂಟಲ್ಲಿ ಕಟ್ಟುದೆ. ಸರಿಯೋಯ್ತು ಬುಡಿ," ಎಂದರು. ನಂತರ ಚಹಾ ತರಲು ಹೋದರು.

ಅವರ ಹೆಂಡತಿ ನನ್ನನ್ನು ಒಳಗೆ ಕರೆದರು. "ಬನ್ನಿ, ನನ್ ಕೆಲ್ಸಾನೂ ವಸಿ ನೋಡಿ." ಓದುವ ಕೋಣೆಯ ಉದ್ದಕ್ಕೂ ಕೆಂಪು ನೆಲ, ರೆಡಾಕ್ಸೈಡಿನದು. ಆಕೆಯೇ ಕಲಸಿ, ಹಾಕಿ, ತೆಂಗಿನೆಣ್ಣೆ ಸವರಿ, ಎಷ್ಟೋ ದಿನ ಕೂತು ಉಜ್ಜಿದ್ದಂತೆ. ಗೋಡೆಯ ಬಗ್ಗೆ ಊರೆಲ್ಲ ಮಾತಾಡಿತ್ತು, ನೆಲದ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ. ಕಿಟಕಿಗಳ ಬೆಳಕು ಅದರ ಮೇಲೆ ಒಂದರ ಹಿಂದೊಂದು ಬಿದ್ದಿತ್ತು.

ಸಾಮಾನ್ಯ ಲೆನ್ಸಿನಲ್ಲಿ ಅಷ್ಟು ಉದ್ದದ ನೆಲವನ್ನು ಹತ್ತಿರದಿಂದ ತೆಗೆದರೆ ಮುಂದಿನದು ಸ್ಪಷ್ಟವಾದರೆ ಹಿಂದಿನದು ಮಸುಕು, ಹಿಂದಿನದು ಸ್ಪಷ್ಟವಾದರೆ ಮುಂದಿನದು ಮಸುಕು. ದೊಡ್ಡ ಸೆನ್ಸರಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಆ ಲೆನ್ಸಿಗೆ ಇನ್ನೊಂದು ತಿರುಪಿದೆ, ಅದು ಲೆನ್ಸನ್ನು ತುಸು ಕೆಳಕ್ಕೆ ಬಾಗಿಸುತ್ತದೆ. ಯಳಂದೂರಿನಲ್ಲಿ ಆರ್ಕಿಟೆಕ್ಟ್ ಅದನ್ನು ಬಳಸಿದ್ದನ್ನು ನೋಡಿದ್ದೆನೇ ಹೊರತು ನಾನು ಮುಟ್ಟಿರಲಿಲ್ಲ. ಕೂದಲೆಳೆಯಷ್ಟು ಬಾಗಿಸಿ, ನೋಡಿ, ಮತ್ತೆ ಬಾಗಿಸಿ, ಅರ್ಧ ಗಂಟೆ ಒದ್ದಾಡಿದೆ. ಹಠಾತ್ತನೆ ಒಂದು ಹಂತದಲ್ಲಿ ನನ್ನ ಕಾಲಬುಡದಿಂದ ಆಚೆಯ ಗೋಡೆಯವರೆಗೆ ನೆಲವೆಲ್ಲ ಒಂದೇ ಸಲಕ್ಕೆ ಸ್ಪಷ್ಟವಾಯಿತು. ಆಕೆ ಪರದೆಯ ಹತ್ತಿರ ಮುಖ ತಂದು ನೋಡಿದರು. ಹತ್ತಿರದಲ್ಲೊಂದು ಕಡೆ ಅಂಗೈ ಉಜ್ಜಿದ ಅರೆಸುತ್ತಿನ ಗೆರೆಗಳು ಕಾಣುತ್ತಿದ್ದವು.

"ಇದು ನನ್ ಕೈದು," ಎಂದರು. "ಅಲ್ಲಿ ಆ ಕಿಟ್ಕಿ ತಾವನೂ ಅದೆ ನೋಡಿ."

ಮೂರು ವಾರದ ನಂತರ ಎರಡು ಪ್ರಿಂಟ್ ತೆಗೆದುಕೊಂಡು ಹೋದೆ. ಅಷ್ಟರಲ್ಲಿ ಮೇಲಿನ ಮೂರು ವರಸೆಗಳನ್ನು ಬಿಚ್ಚಿ ಮತ್ತೆ ಕಟ್ಟಿದ್ದರು. ಹೊಸ ಸಿಮೆಂಟಿನ ಬಣ್ಣ ಇನ್ನೂ ಬೇರೆಯಾಗಿತ್ತು. ಗೋಡೆಯ ಚಿತ್ರವನ್ನು ಪೋಸ್ಟ್ ಮಾಸ್ಟರ್ ಪುಸ್ತಕದ ಮನೆಯಲ್ಲಿ ಹಾಕಿಸಿದರು. ನೆಲದ ಚಿತ್ರವನ್ನು ಮೇಸ್ತ್ರಿಯ ಹೆಂಡತಿ ತಮ್ಮ ಮನೆಗೆ ಒಯ್ದು, ಟಿವಿಯ ಮೇಲ್ಗಡೆ ಮೊಳೆ ಹೊಡೆದು ತಾವೇ ತೂಗುಹಾಕಿದರು. ಪಕ್ಕದ ಮನೆಯಾಕೆ ಬಂದು, ಅದರಲ್ಲಿ ಯಾರೂ ಇಲ್ಲವಲ್ಲ, ಬರೀ ನೆಲ ಅದೆಯಲ್ಲ ಎಂದು ಕೇಳಿದರು. ಮೇಸ್ತ್ರಿಯ ಹೆಂಡತಿ ಎಲ್ಲೆಲ್ಲಿ ಏನೇನಿದೆ ಎಂದು ಬೆರಳಿಟ್ಟು ತೋರಿಸತೊಡಗಿದರು. ನಾನು ಮತ್ತು ಮೇಸ್ತ್ರಿ ಜಗಲಿಯಲ್ಲಿ ಚಹಾ ಕುಡಿಯುತ್ತಾ ಕೇಳುತ್ತಿದ್ದೆವು.