ಎರಡನೆಯ ಈಡು

ಗಂಗವ್ವನ ಎಡಗಣ್ಣು ಹೋದ ಆ ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ಬಂದೂಕಿನ ಎರಡು ಈಡು ಹಾರಿದ್ದವು. ಒಂದು ಬಸ್ತ್ಯಾಂವನದು. ಇನ್ನೊಂದು ನನ್ನದು. ನನ್ನದನ್ನು ನಾನು ಯಾರಿಗೂ ಹೇಳಲಿಲ್ಲ. ಆ ಕಣ್ಣು ತೆಗೆದದ್ದು ನನ್ನ ಈಡಿನ ಸೀಸದ ಚರೆಯೋ, ಅವನದೋ — ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯುವಾಗಲೂ ಕೈ ತಡೆಯುತ್ತದೆ. ಇಷ್ಟು ವರ್ಷ ಆ ಮಾತಿನ ಹಿಂದೆಯೇ ಅಡಗಿ ಕೂತಿದ್ದೆನಲ್ಲ.

ಅರವತ್ತನೆಯ ಇಸವಿಯೋ, ಅದರ ಮರುವರ್ಷವೋ ಇರಬೇಕು. ನಾನು ಧಾರವಾಡದ ಕಡೆಯವನು. ದಾಂಡೇಲಿಯ ಕಾಗದದ ಗಿರಣಿಗೆ ಬಿದಿರು ಕಡಿಸಿ ಕಳಿಸುವ ಗುತ್ತಿಗೆದಾರರೊಬ್ಬರ ಕೈಕೆಳಗೆ ಕಾರಕೂನನಾಗಿದ್ದೆ. ಕುಂಬಾರವಾಡದ ಆಚೆ ಕಾಡಿನೊಳಗೆ ನಮ್ಮ ಬಿಡಾರ. ಗಂಗವ್ವ ಅಲ್ಲಿ ಎಲ್ಲರಿಗೂ ರೊಟ್ಟಿ ಬಡಿದು ಹಾಕುತ್ತಿದ್ದ ಹೆಣ್ಣುಮಗಳು. ಅವಳ ಗಂಡ ಬಿದಿರು ಕಡಿಯುವವರಲ್ಲಿ ಒಬ್ಬ. ಬಸ್ತ್ಯಾಂವ ಸಿದ್ದಿ ಸಮುದಾಯದವನು, ಹಳ್ಳದ ಆಚೆ ದಂಡೆಯಲ್ಲಿ ಒಂದು ತುಂಡು ಗದ್ದೆ ಮಾಡಿಕೊಂಡಿದ್ದ, ಬಿಡುವಾದಾಗ ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ. ಹಂದಿಗಳಿಂದ ಭತ್ತ ಉಳಿಸಿಕೊಳ್ಳಲು ಅವನ ಹತ್ತಿರ ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕಿತ್ತು. ಅದಕ್ಕೆ ಲೈಸೆನ್ಸೂ ಇತ್ತು.

ಬಿಡಾರದಲ್ಲಿ ಗುತ್ತಿಗೆದಾರರದೊಂದು ರೈಫಲ್ ಇತ್ತು. ಬ್ರಿಟಿಷರ ಕಾಲದ್ದು. ಒಂದು ಸಲಕ್ಕೆ ಒಂದೇ ತೋಟಾ. ನಳಿಗೆಯ ಬಾಯಿ ನನ್ನ ಕಿರುಬೆರಳು ಇಳಿಯುವಷ್ಟು ಅಗಲ. ಆನೆ ಬಂದರೆ ಇರಲಿ ಎಂದು ಇಟ್ಟದ್ದು. ನಾನು ಅದನ್ನು ಮುಟ್ಟಬಾರದಿತ್ತು, ಲೈಸೆನ್ಸು ಅವರ ಹೆಸರಿನಲ್ಲಿತ್ತು. ಅದರ ಗುಂಡು ಆಗಲೇ ಎಲ್ಲಿಯೂ ಸಿಗುತ್ತಿರಲಿಲ್ಲ, ಉಳಿದದ್ದು ನಾಲ್ಕೇ. ಒಮ್ಮೆ ಬೆಳಗಾವಿಗೆ ಹೋದಾಗ ಅಂಗಡಿಯಲ್ಲಿ ಹಕ್ಕಿ ಹೊಡೆಯುವ ಸಣ್ಣ ತೋಟಾ ಕಂಡೆ. ಒಳಗೆ ಸಾಸಿವೆಯಂಥ ಚರೆ. ತಂದು ಹಾಕಿ ನೋಡಿದೆ. ಸಡಿಲಾಗಿಯಾದರೂ ಕೂತಿತು. ಹಾರಿತು ಕೂಡ — ರೈಫಲ್ಲಿನ ಗುಡುಗಲ್ಲ, ಒಣ ಬಿದಿರು ಗಳ ಮುರಿದಂಥ ಸದ್ದು.

ಮರಕ್ಕೆ ಹಳೆಯ ವೃತ್ತಪತ್ರಿಕೆ ಅಂಟಿಸಿ ಇಪ್ಪತ್ತು ಹೆಜ್ಜೆಯಿಂದ ಹೊಡೆದು ನೋಡಿದ ದಿನ ಬಸ್ತ್ಯಾಂವ ನನ್ನ ಜೊತೆಗಿದ್ದ. ಕಾಗದದ ನಡುವೆ ಒಂದೂ ತೂತಿಲ್ಲ. ಇದ್ದ ನಾಲ್ಕೈದು ತೂತು ಅಂಚಿನಲ್ಲಿ. ಉಳಿದ ಚರೆ ಅಕ್ಕಪಕ್ಕದ ಗಿಡಗಳ ತೊಗಟೆಯಲ್ಲಿ. ನಳಿಗೆಯೊಳಗಿನ ಸುರುಳಿ ಗೀರುಗಳು ಚರೆಯನ್ನು ತಿರುಗಿಸಿ ಸುತ್ತಲೂ ಚೆಲ್ಲುತ್ತಿದ್ದವು. ಬಸ್ತ್ಯಾಂವ ತೊಗಟೆ ಸವರುತ್ತ ಅಂದ: “ನೀವು ಗುರಿ ಹಿಡದದ್ದೊಂದ ಉಳೀತೈತ್ರಿ ಕಾರಕೂನ್ರ. ಬಾಜೂದ್ದೆಲ್ಲಾ ಸಾಯ್ತೈತಿ.”

ನಾನು ನಕ್ಕೆ. ಎರಡು ತೋಟಾ ಒಡೆದು ಚರೆ ಅವನ ಕೈಗೆ ಸುರಿದೆ, ನಿನ್ನ ಬಂದೂಕಿಗೂ ಆಗುತ್ತದೆ, ಇಟ್ಟುಕೋ ಎಂದೆ. ಅದನ್ನು ಅವನು ಬಳಸಿದನೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಿದ್ದರೆ — ಇರಲಿ.

ಆ ಬೆಳಿಗ್ಗೆ ಮಂಜು ಇನ್ನೂ ಹಳ್ಳದ ಮೇಲೆ ನಿಂತಿತ್ತು. ಬಿದಿರು ಮೆಳೆಯ ಹತ್ತಿರ ಕಾಡುಕೋಳಿಯೊಂದು ಕೆದಕುತ್ತಿತ್ತು. ಹಕ್ಕಿಯ ತೋಟಾ ತುಂಬಿದ್ದ ರೈಫಲ್ ಎತ್ತಿ ಗುರಿ ಹಿಡಿದೆ. ನಾನು ಟ್ರಿಗರ್ ಒತ್ತಿದ್ದೂ ಆಚೆ ದಂಡೆಯಲ್ಲಿ ಬಸ್ತ್ಯಾಂವನ ಬಂದೂಕು ಗುಡುಗಿದ್ದೂ ಒಂದೇ ಕ್ಷಣ — ಅಥವಾ ಅವನದು ಮೊದಲೋ? ಆ ಗುಡುಗಿನಲ್ಲಿ ನನ್ನ ಈಡಿನ ಸದ್ದು ನನಗೇ ಕೇಳಲಿಲ್ಲ. ಕೋಳಿ ಪುರ್ರೆಂದು ಹಾರಿಹೋಯಿತು. ಆಮೇಲೆ ಮೆಳೆಯ ಹಿಂದಿನಿಂದ ಗಂಗವ್ವನ ಕೂಗು. ನೀರಿಗೆ ಬಂದವಳು ಅಲ್ಲಿದ್ದಾಳೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅವಳ ಒಂದು ಕಡೆ ನಾನು, ಇನ್ನೊಂದು ಕಡೆ ಅವನು.

ಬಸ್ತ್ಯಾಂವ ಹಳ್ಳ ದಾಟಿ ಓಡಿ ಬಂದ. ನಾನು ಓಡಿದ್ದು ಬಿಡಾರಕ್ಕೆ — ರೈಫಲ್ಲನ್ನು ಜಾಗಕ್ಕೆ ಇಡಲು. ಅದನ್ನು ಗೋಡೆಗೆ ನೇತುಹಾಕಿ, ನಳಿಗೆ ಒರೆಸಿ, ಆಮೇಲೆ ಅವಳ ಹತ್ತಿರ ಹೋದೆ.

ಲಾರಿಯಲ್ಲಿ ಅವಳನ್ನು ದಾಂಡೇಲಿಗೆ ಒಯ್ದೆವು. ಡಾಕ್ಟರು ಕೆನ್ನೆಯಿಂದ ಮೂರು ಚರೆ ತೆಗೆದು ತಟ್ಟೆಯಲ್ಲಿಟ್ಟರು. ಸಾಸಿವೆಯಂಥವು. ನೋಡಿದ ಕೂಡಲೇ ನನ್ನವೆಂದು ತಿಳಿಯಿತು. ಮರುಗಳಿಗೆಗೆ, ಅವನಿಗೂ ಕೊಟ್ಟಿದ್ದೆನಲ್ಲ ಎಂದು ನೆನಪಾಯಿತು. ಆ ನೆನಪಿನಿಂದ ನನಗೆ ಸಮಾಧಾನವಾಯಿತು. ಸಮಾಧಾನವಾಯಿತು ಎಂಬುದನ್ನೂ ಇಲ್ಲಿ ಬರೆಯಲೇಬೇಕು.

ಎರಡು ದಿನದ ಮೇಲೆ ಸೂಪಾದಿಂದ ಪೊಲೀಸ್ ಫೌಜದಾರರು ಬಂದರು. ಬಿಡಾರದವರೆಲ್ಲ ಸುತ್ತ ನಿಂತಿದ್ದರು. ಬಸ್ತ್ಯಾಂವನನ್ನು ಕೇಳಿದರು, ಹಂದಿಗೆ ಹೊಡೆದೆ ಎಂದ. ಆಮೇಲೆ ಗೋಡೆಯ ರೈಫಲ್ ನೋಡಿ ನನ್ನ ಕಡೆ ತಿರುಗಿದರು. ನಾನು ಹೇಳಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ: “ಸಾಹೇಬ್ರ, ಅದು ಆನಿ ಹೊಡಿಯೂ ರೈಫಲ್. ಅದರ ಗುಂಡು ತಾಗಿದ್ರ ಆಕಿ ತಲಿ ಉಳೀತಿತ್ತೇನ್ರಿ?”

ಎಲ್ಲರೂ ಹೌದೆಂದರು. ಬಸ್ತ್ಯಾಂವ ಮಾತ್ರ ನನ್ನನ್ನೇ ನೋಡುತ್ತಿದ್ದ. ಆ ರೈಫಲ್ಲಿನಲ್ಲಿ ಚರೆ ಹಾರುವುದನ್ನು ಕಂಡವನು ಅವನೊಬ್ಬನೇ. ಕಾಯುತ್ತಿದ್ದಾನೆ ಅನಿಸಿತು. ನಾನು ನೆಲ ನೋಡಿದೆ. ಆಗ ಅವನು ಸಣ್ಣ ದನಿಯಲ್ಲಿ ಅಂದ: “ಮತ್ಯಾರದೂ ಹಾರಿಲ್ಲಂದ್ರ ನಂದ ಇರಬೇಕ್ರಿ.”

ಅವನು ನನ್ನನ್ನು ಉಳಿಸಿದನೋ? ನನ್ನ ಮಾತನ್ನು ನಿಜವಾಗಿಯೇ ನಂಬಿದನೋ? ಅಥವಾ, ಕಾರಕೂನನ ಎದುರು ಸಿದ್ದಿಯ ಮಾತನ್ನು ಯಾರು ಕೇಳುತ್ತಾರೆ ಎಂದು ಬಿಟ್ಟುಕೊಟ್ಟನೋ? ಒಂದೊಂದು ದಿನ ಒಂದೊಂದು ಅನಿಸುತ್ತದೆ. ಮೂರರಲ್ಲಿ ಯಾವುದೇ ಆಗಿದ್ದರೂ ನನ್ನ ತಪ್ಪು ಅಷ್ಟೇ ಇರುತ್ತದೆ.

ಅವನಿಗೆ ನಾಲ್ಕು ತಿಂಗಳ ಶಿಕ್ಷೆಯಾಯಿತು. ಬಂದೂಕು ಹೋಯಿತು. ಬಂದೂಕಿಲ್ಲದ ಗದ್ದೆಯನ್ನು ಎರಡು ವರ್ಷ ಹಂದಿಗಳೇ ಉಂಡವು. ಮೂರನೆಯ ವರ್ಷ ಅವನು ಗದ್ದೆ ಬಿಟ್ಟು, ಹೆಂಡತಿ ಮಗಳನ್ನು ಕರೆದುಕೊಂಡು ಹಳಿಯಾಳದ ಕಡೆ ಕೂಲಿಗೆ ಹೋದ. ಗಂಗವ್ವನ ಗಂಡನಿಗೆ ಗಿರಣಿಯಲ್ಲಿ ಕೆಲಸ ಸಿಕ್ಕಿತು, ಅವರು ಗಿರಣಿಯ ಹತ್ತಿರದ ಅಂಬೇವಾಡಿಗೆ ಬಂದರು. ನಾನು ಕಾರಕೂನನಾಗಿಯೇ ಉಳಿದೆ. ಬಸ್ತ್ಯಾಂವನನ್ನು ಎರಡು ಸಲ ಹಳಿಯಾಳದ ಸಂತೆಯಲ್ಲಿ ಕಂಡೆ. ಎರಡೂ ಸಲ ಅವನೇ ಮೊದಲು ನಮಸ್ಕಾರ ಮಾಡಿದ. ಎರಡೂ ಸಲ ನಾನು ಮಳೆಬೆಳೆ ವಿಚಾರಿಸಿದೆ.

ಹೋದ ವರ್ಷ ಅವನು ತೀರಿಕೊಂಡ ಸುದ್ದಿ ಬಂತು. ಸುದ್ದಿ ಕೇಳಿ ಮೊದಲು ಬಂದದ್ದು ದುಃಖವೋ ಬಿಡುಗಡೆಯೋ ತಿಳಿಯದೆ ಕೂತೆ. ಆ ತಿಳಿಯದಿರುವುದಕ್ಕೆ ನಾಚಿಕೆಯಾಗಿ, ಕೊನೆಗೆ ಹೋದ ವಾರ ಅಂಬೇವಾಡಿಗೆ ಹೋಗಿ ಗಂಗವ್ವನ ಎದುರು ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ಹಸನು ಮಾಡುತ್ತಿದ್ದಳು, ಮೊರವನ್ನು ಕಣ್ಣಿನ ಹತ್ತಿರ ಹಿಡಿದು. ಕೈ ನಿಲ್ಲಿಸಿದಳು. ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟೇ: “ಬಸ್ತ್ಯಾಂವಗ ಹೇಳಿದ್ರೇನ್ರಿ ಇದನ್ನ?”

ಇಲ್ಲ ಎಂದೆ.

“ವರ್ಸಾ ವರ್ಸಾ ಜೇನು ತಂದು ಬಾಗಲದಾಗ ಇಟ್ಟು ಹೋಗ್ತಿದ್ದ ಅಂವಾ,” ಎಂದಳು ಗಂಗವ್ವ. “ನಾ ಅವನ ಕಣ್ಣ ಮುಂದನ ಗಟಾರಕ್ಕ ಸುರೀತಿದ್ನಿ. ಒಮ್ಮೆ ಸಣ್ಣ ಮಗಳನ್ನ ಕರ್ಕೊಂಡು ಬಂದಿದ್ದ. ಆಕಿ ಮುಂದೂ ಸುರದ್ನಿ.”

ಆ ಮಗಳು ಈಗ ಹಳಿಯಾಳದ ಹತ್ತಿರ ಸಂಸಾರ ಮಾಡಿಕೊಂಡಿದ್ದಾಳಂತೆ. ಅಲ್ಲಿಗೆ ಹೋಗಿ ಹೇಳುತ್ತೇನೆ ಎಂದೆ. ಗಂಗವ್ವ ಮೊರ ಕೆಳಗಿಟ್ಟು, ತಾನೂ ಬರುತ್ತೇನೆ ಎಂದಳು. ತನಗೂ ಆ ಮಗಳಿಗೆ ಹೇಳುವುದೊಂದು ಇದೆಯಂತೆ. ಬರಬೇಡ ಎನ್ನಲು ನಾನು ಯಾರು?

ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೇವೆ. ಆ ಮಗಳು ನಮ್ಮನ್ನು ಒಳಗೆ ಕರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಕರೆಯದಿದ್ದರೆ ಬೀದಿಯಲ್ಲಿ ನಿಂತೇ ಹೇಳುತ್ತೇನೆ, ನಾಲ್ಕು ಮನೆಯವರಿಗೆ ಕೇಳುವ ಹಾಗೆ. ಅವಳ ಅಪ್ಪನನ್ನು ಅಪರಾಧಿ ಎಂದದ್ದೂ ಎಲ್ಲರ ಎದುರಿಗೇ.