ಕಂದು ತಾಯಿಯ ಬಿಳಿ ಮರಿಗಳು

ಸಫಿಯಮ್ಮ ಹುಟ್ಟಿದ್ದು ಕಾಪುವಿನಲ್ಲಿ, ಮದುವೆಯಾಗಿ ಹೋದದ್ದು ಹೂಡೆಗೆ. ಗಂಡ ಮಂಜಿಯೆಂಬ ಹಾಯಿಹಡಗಿನಲ್ಲಿ ಹೆಂಚು ಸಾಗಿಸುತ್ತಿದ್ದವನು ಒಂದು ಸಲ ಹೋದವನು ಬರಲಿಲ್ಲ. ಮಗಳು ಝೈನಬಳನ್ನು ಕಟ್ಟಿಕೊಂಡು ಮನೆಮನೆಯ ಪಾತ್ರೆ ತೊಳೆದಳು. ಸಾವಿರದ ಒಂಬೈನೂರ ಎಪ್ಪತ್ತೇಳರಲ್ಲಿ, ಮೂವತ್ತೆಂಟನೆಯ ವಯಸ್ಸಿಗೆ, ಮಣಿಪಾಲದ ಗುಡ್ಡದ ಮೇಲಿನ ಒಂದು ಚಿಕ್ಕ ಪ್ರಯೋಗಾಲಯದಲ್ಲಿ ಇಲಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು.

ಕೆಲಸ ದಿನವೂ ಒಂದೇ. ಬೋನಿನ ಹಳೆಯ ಮರದ ಹುಡಿ ಗೋರುವುದು, ಹೊಸದು ಹಾಸುವುದು, ಬಾಟಲಿ ತೊಳೆದು ನೀರು ತುಂಬುವುದು. ಮುನ್ನೂರು ಇಲಿಗಳು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಮಡಚಲಿಕ್ಕೆ ಆಗುತ್ತಿರಲಿಲ್ಲ.

ದಾಖಲೆ ಬರೆಯುತ್ತಿದ್ದ ಐರಿನ್ ನಗಿಸುತ್ತಿದ್ದಳು. "ಸಫಿಯಮ್ಮ, ನಿಮ್ಮ ಸೊಸೆಯಂದಿರು ಇವತ್ತು ನೀರೆಲ್ಲ ಚೆಲ್ಲಿದ್ದಾರೆ."

"ಸೊಸೆಯಂದಿರಾಗಿದ್ದರೆ ಬಾಟಲಿ ತೊಳೆಯಲಿಕ್ಕಾದರೂ ಆಗುತ್ತಿತ್ತಲ್ಲ, ಐರಿನ್ ಬಾಯಿ."

ಕೋಣೆಯ ಒಂದು ಬದಿಯಲ್ಲಿ ಕಂದು ಇಲಿಗಳು. ವಯಸ್ಸಾದಂತೆ ಅವುಗಳ ಎದೆಯಲ್ಲಿ ಕ್ಯಾನ್ಸರ್ ಗಂಟು ಏಳುತ್ತಿತ್ತು. ಅದು ಒಂದು ರೆಟ್ರೋವೈರಸ್ಸಿನ ಕೆಲಸ. "ಇದು ಜೀವಕೋಶದ ಒಳಹೊಕ್ಕು ಅದರ ಜಾತಕದಲ್ಲೇ ತನ್ನನ್ನು ಬರೆದುಕೊಳ್ಳುತ್ತದೆ, ಮತ್ತೆ ಅಳಿಸಲಿಕ್ಕಿಲ್ಲ," ಎನ್ನುತ್ತಿದ್ದರು ಡಾಕ್ಟರ್ ಸರ್ವೋತ್ತಮ ಶೆಣೈ. ಆ ವೈರಸ್ಸನ್ನೇ ಕೊಂದು ಲಸಿಕೆ ಮಾಡಿ ಬಿಳಿ ಇಲಿಗಳಿಗೆ ಚುಚ್ಚಿ, ಅದು ರೋಗ ತಡೆಯುತ್ತದೆಯೇ ಎಂದು ಅವರು ನೋಡುತ್ತಿದ್ದರು. ಏನನ್ನೂ ಚುಚ್ಚದ ಬಿಳಿ ಇಲಿಗಳದ್ದೊಂದು ಸಾಲು ಹೋಲಿಕೆಗೆಂದು ಬೇರೆಯೇ ಇತ್ತು. ಬಿಳಿ, ಕಂದು ಬೆರೆಸಬಾರದು ಎಂದು ಮೊದಲ ದಿನವೇ ಹೇಳಿದ್ದರು. ಅಂದರೆ ಎರಡರ ಗಂಡುಹೆಣ್ಣು ಒಟ್ಟಿಗೆ ಬಿಡಬಾರದು ಎಂದಷ್ಟೇ ಸಫಿಯಮ್ಮ ತಿಳಿದುಕೊಂಡಳು.

ಎಪ್ಪತ್ತೆಂಟರ ಮಳೆಗಾಲ, ಆಟಿ ತಿಂಗಳಲ್ಲಿ, ಆ ಹೋಲಿಕೆಯ ಸಾಲಿನ ಒಂದು ತಾಯಿ ಹೆತ್ತ ಮರುದಿನ ಸತ್ತಿತು. ಐದು ಹೆಣ್ಣು ಮರಿ, ಗೇರುಬೀಜದಷ್ಟು, ಕಣ್ಣು ಬಿಟ್ಟಿರಲಿಲ್ಲ. ಎದುರು ಸಾಲಿನಲ್ಲಿ ಮರಿ ಕಳಕೊಂಡ ಕಂದು ತಾಯಿಯೊಂದು ಮೂಲೆಗೆ ಮುದುಡಿತ್ತು. ಸಫಿಯಮ್ಮ ಅದರ ಬೋನಿನ ಹುಡಿಯಲ್ಲೇ ಮರಿಗಳನ್ನು ಮೆಲ್ಲನೆ ಹೊರಳಿಸಿ, ವಾಸನೆ ಹತ್ತಿಸಿ, ಒಳಗಿಟ್ಟಳು. ಸ್ವಲ್ಪ ಹೊತ್ತಿನಲ್ಲೇ ಅದು ಮೈ ಚಾಚಿ ಹಾಲು ಕೊಟ್ಟಿತು. ಮೂರು ವಾರ ಕಳೆದು ಮರಿಗಳನ್ನು ಬಿಳಿ ಸಾಲಿಗೆ ತಂದು, ಜಾಗವಿದ್ದ ಮೂರು ಬೋನುಗಳಿಗೆ ಹಂಚಿದಳು. ಐರಿನ್ ತಂಗಿಯ ಮದುವೆಗೆಂದು ರಜೆಯಲ್ಲಿದ್ದಳು. ಯಾರೂ ಬರೆಯಲಿಲ್ಲ, ಯಾರೂ ಕೇಳಲಿಲ್ಲ.

ಮರುವರ್ಷ ಅದೇ ಮೂರು ಬೋನುಗಳಲ್ಲಿ ನಾಲ್ಕು ಬಿಳಿ ಇಲಿಗಳಿಗೆ ಗಂಟು ಎದ್ದಿತು. ಡಾಕ್ಟರು ಐರಿನ್‌ಳನ್ನು ಕರೆದರು.

"ಈ ವೈರಸ್ ತಾಯಿಯ ಹಾಲಿನಲ್ಲಿ ಮರಿಗೆ ಹೋಗುವುದು ಐರಿನ್. ಇವಕ್ಕೆ ಕಂದು ತಾಯಿಯ ಹಾಲು ಎಲ್ಲಿಂದ? ಕೋಣೆಯಲ್ಲೆಲ್ಲ ಹಬ್ಬಿದೆ ಅಂತ ಆಯಿತು. ಇನ್ನು ಯಾವ ಲೆಕ್ಕವನ್ನೂ ನಂಬಲಿಕ್ಕೆ ಬರುವುದಿಲ್ಲ. ಶನಿವಾರ ಎಲ್ಲ ಇಲಿಗಳನ್ನೂ ಮುಗಿಸಿಬಿಡುವ."

ಸಫಿಯಮ್ಮನ ಕೈಯಲ್ಲಿದ್ದ ಬಾಟಲಿಯ ನೀರು ತುಂಬಿ ಹರಿಯುತ್ತಿತ್ತು. ಅವಳಿಗೆ ವೈರಸ್ ತಿಳಿಯದು, ಹಾಲು ತಿಳಿಯುತ್ತಿತ್ತು. ಅವಳ ಬ್ಯಾರಿ ಮುಸ್ಲಿಮರಲ್ಲಿ ಹಾಲು ಕೊಟ್ಟವಳೂ ಉಮ್ಮ, ಹೆತ್ತ ತಾಯಿಯಂತೆಯೇ; ಅವಳ ಮಕ್ಕಳು ಒಡಹುಟ್ಟಿದವರು. ನೆರೆಯ ಜುಬೈದಾ ಜ್ವರದಲ್ಲಿ ಬಿದ್ದಾಗ ಅವಳ ಮಗನಿಗೆ ಸಫಿಯಮ್ಮ ಒಂದು ತಿಂಗಳು ಹಾಲೂಡಿದ್ದಳು. ಮುಂದೆ ಯಾರೋ ಅವನಿಗೆ ಝೈನಬಳನ್ನು ಕೇಳಿದಾಗ, "ಅವನು ನನ್ನ ಹಾಲು ಕುಡಿದವನು," ಎಂದಳು. ಆ ಮಾತು ಅಲ್ಲಿಗೇ ನಿಂತಿತ್ತು. ಹಾಲು ಹೋದಲ್ಲಿಗೆ ಸಂಬಂಧ ಹೋಗುತ್ತದೆ. ರೋಗವೂ ಹೋಗಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

ಆ ವಾರವೇ ದಿನಗೂಲಿಯವರಲ್ಲಿ ಖಾಯಂ ಮಾಡುವವರ ಪಟ್ಟಿ ಆಡಳಿತ ಮಂಡಳಿಗೆ ಹೋಗುವುದಿತ್ತು. ಅದರಲ್ಲಿ ಅವಳ ಹೆಸರಿತ್ತು. ಶುಕ್ರವಾರ ನಮಾಜಿಗೆ ಬಾಗಿದವಳು ಹಣೆ ಎತ್ತದೆ ಬಹಳ ಹೊತ್ತು ಹಾಗೆಯೇ ಇದ್ದಳು. ಬೇಡಿಕೊಳ್ಳಲು ಏನೂ ತೋಚಲಿಲ್ಲ, ಬರೀ ಆಯಾಸ.

ಶನಿವಾರ ಬೆಳಿಗ್ಗೆ ಡಾಕ್ಟರ ಮುಂದೆ ಒಂದು ಬೋನು ತಂದಿಟ್ಟಳು. ಒಳಗೆ ಐದು ಬಿಳಿ ಇಲಿಗಳು.

"ಇವಕ್ಕೆ ಕಂದು ತಾಯಿ ಹಾಲು ಕೊಟ್ಟದ್ದು ಡಾಕ್ಟ್ರೇ. ನಾನೇ ಇಟ್ಟದ್ದು. ಹೆತ್ತದ್ದು ಸತ್ತುಹೋಗಿತ್ತು."

ಡಾಕ್ಟರು ಒಂದೊಂದನ್ನೇ ಎತ್ತಿ ನೋಡಿದರು. "ನಾಲ್ಕಕ್ಕೆ ಗಂಟು ಉಂಟು. ಇದಕ್ಕೆ ಎಂತದೂ ಇಲ್ಲವಲ್ಲ?"

"ಅದರ ಬಾಲ ಹುಟ್ಟಿನಿಂದಲೇ ಸೊಟ್ಟ ನೋಡಿ, ಅದೇ ಗುರುತು. ಅದೂ ಕುಡಿದಿದೆ."

"ಬೇರೆ ಯಾವುದಕ್ಕಾದರೂ ಕೊಟ್ಟದ್ದುಂಟಾ?"

"ಇಲ್ಲ. ಇವೇ ಐದು."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. "ಐರಿನ್, ದಿನಾಂಕ ಹಾಕಿ ಬರೆಯಿರಿ," ಎಂದರು. ಆಮೇಲೆ, "ಮಂಡಳಿಯವರು ಕೇಳಿದರೆ ನನಗೆ ಮುಚ್ಚಿಡಲಿಕ್ಕೆ ಆಗುವುದಿಲ್ಲ, ಸಫಿಯಮ್ಮ."

"ಮುಚ್ಚಿಡುವುದು ಬೇಡ."

ಆ ಐದನ್ನು ಮಾತ್ರ ಕೊಂದರು. ಮಿಕ್ಕವು ಬದುಕಿ ಉಳಿದವು, ಲಸಿಕೆಯ ಕೆಲಸ ಮುಂದುವರಿಯಿತು. ಮುಂದಿನ ತಿಂಗಳು ಪಟ್ಟಿ ಬಂದಾಗ ಅದರಲ್ಲಿ ಸಫಿಯಮ್ಮನ ಹೆಸರಿರಲಿಲ್ಲ.

"ಬಾಯಿ ಮುಚ್ಚಿ ಕೂತಿದ್ದರೆ ಎಂತ ಆಗುತ್ತಿತ್ತು ಮಾರಾಯ್ತಿ?" ಐರಿನ್ ಸಿಟ್ಟಿನಲ್ಲೇ ಕೇಳಿದಳು.

"ಮುನ್ನೂರು ಹೋಗುತ್ತಿದ್ದವು."

"ಇಲಿಗಳು, ಸಫಿಯಮ್ಮ."

"ಹೌದು, ಇಲಿಗಳು," ಎಂದು ಅವಳು ಗೋಡೆ ಹಿಡಿದು ಎದ್ದಳು. ಬಿಳಿ ಸಾಲಿಗೆ ಇನ್ನೂ ಹುಡಿ ಹಾಕಿ ಆಗಿರಲಿಲ್ಲ. ಎಂಬತ್ತಾರರಲ್ಲಿ ಆ ಪ್ರಯೋಗಾಲಯ ಮುಚ್ಚುವವರೆಗೂ ಅವಳು ದಿನಗೂಲಿಯವಳಾಗಿಯೇ ಆ ಬೋನುಗಳನ್ನು ತೊಳೆದಳು.