ಎಂಟು ಹನಿ

ಅತ್ತೆ, ದಿನಾ ಬೆಳಿಗ್ಗೆ ಗಾಜಿನ ಕೊಳವೆಯಲ್ಲಿ ಕಾಣುತ್ತಿದ್ದ ಆ ನೀಲಿ ನಿಮ್ಮದಲ್ಲ, ನನ್ನದು. ನಿಮ್ಮ ಮೂತ್ರ ಚೆಲ್ಲಿ ನನ್ನದನ್ನು ಹಾಕುತ್ತಿದ್ದೆ.

ಅರವತ್ತರ ದಶಕ, ಯಶವಂತಪುರದ ಮನೆ, ನಾನು ಹೊಸ ಸೊಸೆ. ನಿಮ್ಮ ಸಕ್ಕರೆ ಕಾಯಿಲೆಯ ಪರೀಕ್ಷೆ ನನ್ನ ಪಾಲಿಗೆ ಬಂದಿತ್ತು — ನೀಲಿ ದ್ರಾವಣಕ್ಕೆ ಎಂಟು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯೇ ಉಳಿದರೆ ಕ್ಷೇಮ, ಇಟ್ಟಿಗೆ ಕೆಂಪಾದರೆ ಸಿಹಿ ಬಂದ್. ಇವರು ಬಣ್ಣ ನೋಡಿಯೇ ಆಫೀಸಿಗೆ ಹೊರಡುತ್ತಿದ್ದರು. ಯುಗಾದಿಯ ದಿನ ನೀವು ಒಬ್ಬಟ್ಟಿನ ಕಡೆ ನೋಡಿದ ನೋಟ — ಅಯ್ಯೋ, ತಡೆಯಲಾಗಲಿಲ್ಲ. ಒಂದೇ ದಿನ ಎಂದುಕೊಂಡೆ. ನೀಲಿ ನೋಡಿ ನೀವು ಹಿಗ್ಗಿ ನನ್ನ ಗಲ್ಲ ಹಿಂಡಿದಿರಿ. ಆ ಮನೆಯಲ್ಲಿ ನನ್ನನ್ನು ಮೊದಲ ಸಲ ಯಾರೋ ಮುದ್ದು ಮಾಡಿದ್ದು! ಆ ಖುಷಿ ಬಿಡಲಾರದೆ... ಶ್ರಾವಣದವರೆಗೂ ಹಾಗೇ ನಡೆಸಿದೆ.

ಚೌಕಾಬಾರದಲ್ಲಿ ಬೀದಿಯವರನ್ನೆಲ್ಲ ಸೋಲಿಸುತ್ತಿದ್ದ ನೀವು, ನಿಮ್ಮ ಕಾಯಿ ಯಾವುದೆಂದು ನನ್ನನ್ನೇ ಕೇಳತೊಡಗಿದಿರಿ. ವಯಸ್ಸಾಯಿತು ಎಂದರು ಎಲ್ಲರೂ. ನಾನೂ ಹೂಂಗುಟ್ಟಿದೆ. ನನ್ನ ಹೆಸರೇ ಮರೆತ ದಿನ ಇವರು ನಿಮ್ಮನ್ನು ಡಾಕ್ಟರ ಬಳಿ ಕರೆದೊಯ್ದರು. ಅಲ್ಲಿ ಕೊಳವೆ ಇಟ್ಟಿಗೆ ಕೆಂಪಾಯಿತು.

"ಬೆಳಿಗ್ಗೆ ನೀಲಿ ಇತ್ತಲ್ಲೇ?" ಎಂದರು ಇವರು.

"ಆ ನೀಲಿ ಔಷಧಿ ಹಳೇದಾಗಿತ್ತೇನೋ ರೀ," ಎಂದುಬಿಟ್ಟೆ.

ಸಕ್ಕರೆ ಇಳಿದರೆ ಬುದ್ಧಿಯೂ ತಿಳಿಯಾಗಬಹುದು ಎಂದರು ಡಾಕ್ಟರು. ಇಂಜೆಕ್ಷನ್ನು, ಪಥ್ಯ ಶುರುವಾಯಿತು. ಈ ಸಲ ನಿಮ್ಮದೇ ಎಂಟು ಹನಿ — ಕೆಂಪು ಹೋಗಿ ಹಳದಿ, ಹಳದಿ ಹೋಗಿ ಹಸಿರು! ಒಂದು ಮಧ್ಯಾಹ್ನ ಆಟದಲ್ಲಿ ಬೇಕೆಂದೇ ನಿಮ್ಮ ಕಾಯಿ ಎತ್ತಿದೆ.

"ಏ ಕಳ್ಳಿ! ಅದು ನನ್ ಕಾಯಿ ಕಣೇ, ಕೆಳಗಿಡು!"

ನಿಮ್ಮನ್ನು ಅಪ್ಪಿಕೊಂಡು ನಕ್ಕೆ, ಅತ್ತೆ. ಬರಿಗಾಲಲ್ಲೇ ಬೀದಿಗೆ ಓಡಿ ಎಲ್ಲರನ್ನೂ ಕೂಗಿ ಕರೆದೆ — ಅತ್ತೆಗೆ ನೆನಪು ಬಂತು, ಬಂತು! ನೆರೆದವರೆದುರು ನೀವು ಅಂದಿರಿ: "ಇವಳು ದಿನಾ ಪರೀಕ್ಷೆ ಮಾಡಿ ನನ್ನ ಉಳಿಸ್ಕೊಂಡ್ಳು ಕಣ್ರೇ." ನಾನು ತಲೆ ತಗ್ಗಿಸಿದೆ. ಅದನ್ನು ವಿನಯ ಎಂದುಕೊಂಡರು.

ಎಲ್ಲವೂ ಮರಳಲಿಲ್ಲ. ನಾದಿನಿಯ ಮದುವೆಯಲ್ಲಿ ಹಸೆ ಹಾಡು ಹೇಳಿ ಎಂದಾಗ ನೀವು ಬಾಯಿ ತೆರೆದು, ಮೊದಲ ಸಾಲು ಸಿಗದೆ ನನ್ನ ಮುಖ ನೋಡಿದಿರಿ — ನಾನು ಹೇಳಿಕೊಡುತ್ತೇನೆಂಬ ನಂಬಿಕೆಯಿಂದ. ನನಗೆ ಆ ಹಾಡು ಬರುತ್ತಿರಲಿಲ್ಲ.

ನೀವು ಹೋಗುವವರೆಗೂ ಹೇಳಲಿಲ್ಲ. ಕಳ್ಳಿ ಎಂದಿರಲ್ಲ, ಅವತ್ತೇ ಹೌದು ಅತ್ತೆ ಎಂದುಬಿಡಬೇಕಿತ್ತು.